ಜಾಂ ವಿಗೊ: ಮೂರು ಗಂಟೆಯ ಅಮಾನತ್

ನಮ್ಮ ವಾರ್ತಾಪತ್ರದ ಈ ಪುಟದಲ್ಲಿ ಸಾಮಾನ್ಯವಾಗಿ ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರು, ವಿದ್ವಾಂಸರು ಬರುತ್ತಾರೆ. ಈ ಸಲ ನಾನು ಒಬ್ಬ ಚಲನಚಿತ್ರ ನಿರ್ದೇಶಕರನ್ನು ಆರಿಸಿಕೊಂಡಿದ್ದೇನೆ. ಸಿನಿಮಾ ನೋಡುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದು ನನಗೆ ಗೊತ್ತು. ಯಾವ ಸಿನಿಮಾ ನೋಡಬೇಕು, ಯಾವುದು ಬೇಡ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಸತ್ತುಹೋದ ಒಬ್ಬ ಮನುಷ್ಯನ ಕೆಲಸ ಬದುಕಿರುವವರ ಕೈಗೆ ಬಂದಾಗ ಅದನ್ನು ಹೇಗೆ ಕಾಯಬೇಕು, ಆ ಕೆಲಸಕ್ಕೆ ಬೆಲೆ ಕಟ್ಟುವ ಮೊದಲು ಏನನ್ನು ಖಚಿತ ಮಾಡಿಕೊಳ್ಳಬೇಕು ಎಂಬ ಪ್ರಶ್ನೆ ನನ್ನದು. ಇತಿಹಾಸ ಪಾಠ ಮಾಡುವವನಾದ್ದರಿಂದ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಆ ನಿರ್ದೇಶಕರ ಹೆಸರು ಜಾಂ ವಿಗೊ. ಫ್ರಾನ್ಸಿನವರು. ಬದುಕಿದ್ದು 29 ವರ್ಷ, 5 ತಿಂಗಳು. ಮಾಡಿದ್ದು ನಾಲ್ಕೇ ಚಿತ್ರಗಳು. ನಾಲ್ಕನ್ನೂ ಒಂದಾದ ಮೇಲೊಂದರಂತೆ ನೋಡಿದರೂ ಮೂರು ಗಂಟೆ ತುಂಬುವುದಿಲ್ಲ. ನಮ್ಮ ಒಂದು ವಾರ್ಷಿಕ ಪರೀಕ್ಷೆಯ ಅವಧಿಗಿಂತ ಕಡಿಮೆ. ಆದರೂ ಜಗತ್ತಿನ ದೊಡ್ಡ ನಿರ್ದೇಶಕರ ಹೆಸರು ಬರೆಯುವಾಗ ಈ ಹೆಸರನ್ನು ಯಾರೂ ಬಿಡುವುದಿಲ್ಲ.

ತಂದೆಯ ನೆರಳು

ಜಾಂ ವಿಗೊ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಪ್ಯಾರಿಸ್‌ನಲ್ಲಿ. ಮಾಳಿಗೆಯ ಮೇಲಿನ ಸಣ್ಣ ಕೋಣೆ, ಮನೆ ತುಂಬ ಬೆಕ್ಕುಗಳು. ತಂದೆಯ ನಿಜವಾದ ಹೆಸರು ಯುಜೀನ್ ವಿಗೊ. ಆದರೆ ಜನರಿಗೆ ಅವರು ಮಿಗೆಲ್ ಅಲ್ಮೆರೇಡಾ ಎಂಬ ಹೆಸರಿನಿಂದಲೇ ಪರಿಚಿತರು. ಸರಕಾರ, ಸೈನ್ಯ, ಯುದ್ಧ ಎಲ್ಲವನ್ನೂ ವಿರೋಧಿಸುತ್ತಿದ್ದ ಪತ್ರಕರ್ತ. ಹಲವು ಬಾರಿ ಸೆರೆಮನೆ ಕಂಡವರು. ತಾಯಿ ಎಮಿಲಿ ಕ್ಲೇರೊ ಕೂಡ ಅದೇ ವಿಚಾರದವರು. ಮಗು ರಾಜಕೀಯ ಸಭೆಗಳ ಗದ್ದಲದಲ್ಲಿ, ಯಾರ್ಯಾರದೋ ತೋಳಿನಲ್ಲಿ ನಿದ್ದೆ ಮಾಡುತ್ತ ಬೆಳೆಯಿತು.

ಮೊದಲನೇ ಮಹಾಯುದ್ಧದ ಕಾಲಕ್ಕೆ ಅಲ್ಮೆರೇಡಾ 'ಲೆ ಬೊನೆ ರೂಜ್' ಎಂಬ ಪತ್ರಿಕೆ ನಡೆಸುತ್ತಿದ್ದರು. 'ಕೆಂಪು ಟೋಪಿ' ಎಂದು ಅದರ ಅರ್ಥ. ಆ ಪತ್ರಿಕೆಗೆ ಶತ್ರುದೇಶ ಜರ್ಮನಿಯ ಹಣ ಬರುತ್ತಿದೆ ಎಂಬ ಆರೋಪ ಬಂತು. 1917ರ ಆಗಸ್ಟ್‌ನಲ್ಲಿ ಅವರನ್ನು ಬಂಧಿಸಿದರು. ಕೆಲವೇ ದಿನಗಳಲ್ಲಿ ಫ್ರೆನ್ ಸೆರೆಮನೆಯಲ್ಲಿ ಅವರು ಕುತ್ತಿಗೆ ಬಿಗಿದ ಸ್ಥಿತಿಯಲ್ಲಿ ಶವವಾಗಿ ಸಿಕ್ಕರು. ಅಧಿಕಾರಿಗಳು ಆತ್ಮಹತ್ಯೆ ಎಂದರು. ಕೊಲೆ ಎಂದು ನಂಬಿದವರು ಅಂದೂ ಇದ್ದರು, ಇಂದೂ ಇದ್ದಾರೆ. ವಿಚಾರಣೆ ನಡೆಯಲೇ ಇಲ್ಲ. ಆರೋಪ ಸಾಬೀತೂ ಆಗಲಿಲ್ಲ, ಅಳಿಯಲೂ ಇಲ್ಲ.

ಆಗ ಮಗನಿಗೆ 12 ವರ್ಷ. ದೇಶದ್ರೋಹಿಯ ಮಗ ಎಂದು ಬೆರಳು ತೋರಿಸುವ ಜನರ ನಡುವಿನಿಂದ ಅವನನ್ನು ದಕ್ಷಿಣ ಫ್ರಾನ್ಸಿಗೆ ಕಳಿಸಿದರು. ಅಲ್ಲಿ ಮಲತಾತ ಗಬ್ರಿಯೆಲ್ ಓಬೆಸ್ ಛಾಯಾಗ್ರಾಹಕರಾಗಿದ್ದರು. ಕ್ಯಾಮೆರಾದ ಮೊದಲ ಪಾಠ ಅವರಿಂದಲೇ ಸಿಕ್ಕಿತು. ಆಮೇಲೆ ಮಿಯೊ ಎಂಬ ಊರಿನ ವಸತಿ ಶಾಲೆ. ಅಲ್ಲಿ ಅವನನ್ನು ಸೇರಿಸಿದ್ದು ಜಾಂ ಸಾಲ್ ಎಂಬ ಸುಳ್ಳು ಹೆಸರಿನಲ್ಲಿ. ಹಾಜರಿ ಕರೆಯುವಾಗ ಪ್ರತಿದಿನ ತನ್ನದಲ್ಲದ ಹೆಸರಿಗೆ ಓಗೊಡಬೇಕಿತ್ತು. ನಾಲ್ಕು ವರ್ಷ ಹೀಗೇ ಕಳೆಯಿತು. ತಂದೆಯ ಹೆಸರು ಹೇಳಲಾಗದ ಒಬ್ಬ ಯತೀಮ್ ಹುಡುಗನಿಗೆ ಹಾಸ್ಟೆಲ್ಲಿನ ರಾತ್ರಿ ಹೇಗಿರಬಹುದು ಎಂಬುದನ್ನು ಮನೆಯಿಂದ ದೂರವಿದ್ದು ಓದುವ ನಮ್ಮ ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಊಹಿಸಬಲ್ಲರು.

ಮುಂದೆ ಶಾರ್ತ್ರ್ ಊರಿನ ಶಾಲೆಯಲ್ಲಿ ಅವನು ಸ್ವಂತ ಹೆಸರಿನಲ್ಲೇ ಓದಿದ. ಬೆಳೆದಂತೆ ಅವನಿಗೆ ಒಂದೇ ಹಂಬಲವಾಯಿತು: ತಂದೆಯ ಹೆಸರಿಗೆ ಅಂಟಿದ ಮಸಿ ತೊಳೆಯಬೇಕು. ತಂದೆಯ ಹಳೆಯ ಗೆಳೆಯರನ್ನು ಹುಡುಕಿ ಮಾತಾಡಿಸಿದ, ಕಾಗದಪತ್ರಗಳನ್ನು ಕೂಡಿಸಿದ. ಸತ್ತವರಿಗೆ ನ್ಯಾಯ ಕೊಡಿಸಬೇಕಾದರೆ ಮೊದಲು ನಿಜವಾದ ಆಧಾರ ಬೇಕು ಎಂಬುದು ಅವನು ಎಳೆವಯಸ್ಸಿನಲ್ಲೇ ಕಲಿತ ಪಾಠ. ಆ ಕೆಲಸ ಪೂರ್ತಿಯಾಗಲಿಲ್ಲ. ಆದರೆ ಇದನ್ನು ನೆನಪಿಟ್ಟುಕೊಳ್ಳಿ. ಕಥೆಯ ಕೊನೆಗೆ ಇದೇ ಕೆಲಸವನ್ನು ಇನ್ನೊಬ್ಬರು ಇವರಿಗಾಗಿಯೇ ಮಾಡಬೇಕಾಯಿತು.

ಕಾಯಿಲೆ, ಮದುವೆ, ಕ್ಯಾಮೆರಾ

ವಿಗೊ ಅವರಿಗೆ ಕ್ಷಯರೋಗವಿತ್ತು. ಅಂದು ಅದಕ್ಕೆ ಔಷಧವಿರಲಿಲ್ಲ. ಬೆಟ್ಟದ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ ಇಷ್ಟೇ ಚಿಕಿತ್ಸೆ. ಪಿರೆನೀಸ್ ಪರ್ವತದ ಫೊಂ ರೊಮ್ಯೊ ಎಂಬಲ್ಲಿನ ಆರೋಗ್ಯಧಾಮದಲ್ಲಿ ಅವರು ಬಹಳ ಕಾಲ ಇದ್ದರು. ಅದೇ ಊರಲ್ಲಿ ಚಿಕಿತ್ಸೆಗೆ ಬಂದಿದ್ದ ಎಲಿಜಬೆತ್ ಲೊಜಿನ್ಸ್ಕಾ ಎಂಬ ಯುವತಿಯ ಪರಿಚಯವಾಯಿತು. ಪೋಲೆಂಡಿನ ಕಾರ್ಖಾನೆ ಮಾಲೀಕರ ಮಗಳು. ಎಲ್ಲರೂ ಲೀಡು ಎಂದು ಕರೆಯುತ್ತಿದ್ದರು. 1929ರಲ್ಲಿ ಇಬ್ಬರೂ ಮದುವೆಯಾಗಿ, ಬೆಚ್ಚಗಿನ ಹವೆಗಾಗಿ ಕಡಲತೀರದ ನೀಸ್ ನಗರದಲ್ಲಿ ನೆಲೆಸಿದರು. ಮಾವ ಕೊಟ್ಟ ಹಣದಲ್ಲಿ ವಿಗೊ ಒಂದು ಹಳೆಯ ಡೆಬ್ರಿ ಕ್ಯಾಮೆರಾ ಕೊಂಡರು.

ಮೊದಲ ಚಿತ್ರ 1930ರ 'ಆ ಪ್ರೊಪೊ ದ ನೀಸ್', ಅಂದರೆ 'ನೀಸ್ ನಗರದ ಕುರಿತು'. ಅರ್ಧ ಗಂಟೆಯೂ ಇಲ್ಲದ ಮೂಕಿ ಚಿತ್ರ. ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್, ರಷ್ಯಾದ ಪ್ರಸಿದ್ಧ ನಿರ್ದೇಶಕ ಝೀಗಾ ವೆರ್ತೊವ್ ಅವರ ತಮ್ಮ. ಇಬ್ಬರೂ ಸೇರಿ ನೀಸ್‌ನ ಎರಡು ಮುಖಗಳನ್ನು ಹಿಡಿದರು. ಒಂದು ಕಡೆ ಕಡಲತಡಿಯಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುವ ಶ್ರೀಮಂತರು. ಇನ್ನೊಂದು ಕಡೆ ಹಳೆಯ ಪೇಟೆಯ ಇಕ್ಕಟ್ಟಿನ ಓಣಿಗಳು, ಒಗೆದ ಬಟ್ಟೆ, ಬಡ ಮಕ್ಕಳು. ಶ್ರೀಮಂತರಿಗೆ ಗೊತ್ತಾಗದಂತೆ ಚಿತ್ರಿಸಲು ಕೌಫ್‌ಮನ್ ಗಾಲಿಕುರ್ಚಿಯಲ್ಲಿ ರೋಗಿಯಂತೆ ಕುಳಿತು ಕ್ಯಾಮೆರಾವನ್ನು ಅಡಗಿಸಿಟ್ಟುಕೊಂಡರೆ, ವಿಗೊ ಕುರ್ಚಿಯನ್ನು ತಳ್ಳುತ್ತಿದ್ದರು.

ಎರಡನೆಯದು 1931ರಲ್ಲಿ ಈಜು ಚಾಂಪಿಯನ್ ಜಾಂ ತಾರಿಸ್ ಬಗ್ಗೆ ಮಾಡಿದ ಕಿರುಚಿತ್ರ. ಈಜುಕೊಳದ ಗೋಡೆಯ ಗಾಜಿನ ಕಿಂಡಿಗಳಿಂದ ನೀರಿನೊಳಗಿನ ದೇಹವನ್ನು ಚಿತ್ರಿಸಿದರು. ಅದೇ ವರ್ಷ ಮಗಳು ಲೂಸ್ ಹುಟ್ಟಿದಳು. ಕೈಯಲ್ಲಿ ಹಣವಿಲ್ಲದೆ ಕ್ಯಾಮೆರಾ ಮಾರಬೇಕಾಯಿತು.

ನಡತೆಗೆ ಸೊನ್ನೆ

ಜಾಕ್ ಲೂಯಿ ನೂನೆಜ್ ಎಂಬ ಉದ್ಯಮಿ ಸಿನಿಮಾಕ್ಕೆ ಬಂಡವಾಳ ಹಾಕಲು ಮನಸ್ಸು ಮಾಡಿದಾಗ ವಿಗೊ ಅವರ ಮುಂದಿದ್ದ ಕಥೆ ಒಂದೇ: ತಮ್ಮ ವಸತಿ ಶಾಲೆ. 1932ರ ಡಿಸೆಂಬರ್ ಕೊನೆಯಿಂದ 1933ರ ಜನವರಿವರೆಗೆ, ಕೊರೆಯುವ ಚಳಿಯಲ್ಲಿ, ಜ್ವರದ ಮೈಯಲ್ಲಿ ಅವರು 'ಝೀರೊ ದ ಕೊಂದ್ವಿತ್' ಚಿತ್ರೀಕರಿಸಿದರು. 'ನಡತೆಗೆ ಸೊನ್ನೆ' ಎಂದು ಅದರ ಅರ್ಥ. ಆ ಶಾಲೆಯಲ್ಲಿ ಸೊನ್ನೆ ಸಿಕ್ಕಿದವನಿಗೆ ಭಾನುವಾರ ಹೊರಗೆ ಹೋಗಲು ಅನುಮತಿ ಇಲ್ಲ.

ರಜೆ ಮುಗಿಸಿ ರೈಲಿನಲ್ಲಿ ಹಿಂದಿರುಗುವ ಹುಡುಗರಿಂದ ಚಿತ್ರ ಶುರುವಾಗುತ್ತದೆ. ಇಬ್ಬರು ಹುಡುಗರಿಗೆ ಇಟ್ಟಿರುವ ಕೊಸಾ, ಬ್ರುಯೆಲ್ ಎಂಬ ಹೆಸರುಗಳು ಮಿಯೊ ಶಾಲೆಯ ನಿಜವಾದ ಗೆಳೆಯರವು. ದಿನಾ ಅದೇ ಬೇಯಿಸಿದ ಬೀನ್ಸ್, ಹೆಜ್ಜೆಹೆಜ್ಜೆಗೂ ಗೂಢಚಾರಿಕೆ, ಮಂಚದ ಬಳಿ ನಿಲ್ಲುವ ಶಿಕ್ಷೆ. ಮುಖ್ಯೋಪಾಧ್ಯಾಯರು ಗಡ್ಡ ಬಿಟ್ಟ ಕುಳ್ಳಗಿನ ಮನುಷ್ಯ. ಟೋಪಿಯನ್ನು ಅವರು ಜೋಪಾನವಾಗಿ ಗಾಜಿನ ಗೋಳದೊಳಗೆ ಇಡುತ್ತಾರೆ. ಇಡೀ ಶಾಲೆಯಲ್ಲಿ ಹುಡುಗರನ್ನು ಮನುಷ್ಯರಂತೆ ಕಾಣುವವರು ಯುಗೆ ಎಂಬ ಹೊಸ ಮೇಷ್ಟ್ರು ಒಬ್ಬರೇ. ಕೊನೆಗೆ ಮಲಗುವ ಕೋಣೆಯಲ್ಲಿ ದಿಂಬುಗಳ ಯುದ್ಧ. ಹರಿದ ದಿಂಬುಗಳ ಗರಿ ಹಿಮದಂತೆ ಬೀಳುತ್ತಿರುವಾಗ ಹುಡುಗರು ನಿಧಾನಗತಿಯಲ್ಲಿ ಮೆರವಣಿಗೆ ಹೊರಡುತ್ತಾರೆ. ಆ ದೃಶ್ಯಕ್ಕೆ ಸಂಗೀತಗಾರ ಮೊರಿಸ್ ಜೊಬೇರ್ ಸ್ವರಗಳನ್ನು ಹಿಂದುಮುಂದಾಗಿ ಬರೆದು, ವಾದ್ಯದವರಿಂದ ನುಡಿಸಿ, ಆ ಧ್ವನಿಮುದ್ರಣವನ್ನೇ ತಿರುಗಿಸಿ ಓಡಿಸಿದರು. ರಾಗ ಸರಿಯಾಗಿಯೇ ಕೇಳುತ್ತದೆ, ಆದರೆ ಪ್ರತಿ ಸ್ವರವೂ ಕನಸಿನೊಳಗಿನಿಂದ ಉಸಿರೆಳೆದುಕೊಂಡಂತೆ ಬರುತ್ತದೆ.

ತಬಾರ್ ಎಂಬ ಅಂಜುಬುರುಕ ಹುಡುಗ ಒಂದು ಘಟ್ಟದಲ್ಲಿ ಅಧಿಕಾರಿಗಳ ಮುಖಕ್ಕೆ ಒಂದು ಬೈಗುಳ ಎಸೆಯುತ್ತಾನೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅದು ಅಲ್ಮೆರೇಡಾ ಒಮ್ಮೆ ಪತ್ರಿಕೆಯಲ್ಲಿ ಸರಕಾರಕ್ಕೆ ಎಸೆದಿದ್ದ ಮಾತೇ. ಸುಳ್ಳು ಹೆಸರಿನಲ್ಲಿ ಓದಿದ ಮಗ ತನ್ನ ಚಿತ್ರದಲ್ಲಿ ತಂದೆಯ ಮಾತನ್ನು ಹೀಗೆ ಉಳಿಸಿಕೊಂಡ.

ಕೊನೆಯ ದೃಶ್ಯದಲ್ಲಿ ನಾಲ್ವರು ಹುಡುಗರು ಶಾಲೆಯ ಚಾವಣಿ ಏರಿ ಆಕಾಶದ ಕಡೆಗೆ ನಡೆಯುತ್ತಾರೆ. ನಮ್ಮ ಹಾಸ್ಟೆಲ್ಲಿನವರು ಇದನ್ನು ಅನುಮತಿ ಎಂದು ತಿಳಿಯಬಾರದು! ಫ್ರೆಂಚ್ ಸರಕಾರ ಹಾಗೆ ತಿಳಿದೇ ಹೆದರಿತು. 1933ರ ಏಪ್ರಿಲ್‌ನಲ್ಲಿ ಒಂದು ಪ್ರದರ್ಶನ ನಡೆದ ಬಳಿಕ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಫ್ರಾನ್ಸಿನಲ್ಲಿ ಆ ನಿಷೇಧ ಎರಡನೇ ಮಹಾಯುದ್ಧ ಮುಗಿಯುವವರೆಗೆ ಇತ್ತು. ಅದು ತೆರವಾದದ್ದನ್ನು ಕಾಣಲು ವಿಗೊ ಬದುಕಿರಲಿಲ್ಲ.

ಹೆಸರು ಕಳೆದುಕೊಂಡ ದೋಣಿ

ನೂನೆಜ್ ಕೈಬಿಡಲಿಲ್ಲ. ಇನ್ನೊಂದು ಅವಕಾಶ ಕೊಟ್ಟರು, ಆದರೆ ಈ ಸಲ ಸರಕಾರ ತಕರಾರು ಮಾಡದಂಥ ಕಥೆ ಬೇಕಿತ್ತು. ಗೋಮೊಂ ಕಂಪನಿ ಸ್ಟುಡಿಯೊ ಮತ್ತು ವಿತರಣೆಯ ಹೊಣೆ ಹೊತ್ತಿತು. ಸಿಕ್ಕಿದ್ದು ಒಂದು ಸಾಧಾರಣ ಕಥೆ. ಕಾಲುವೆಗಳಲ್ಲಿ ಸರಕು ಸಾಗಿಸುವ ಉದ್ದನೆಯ ದೋಣಿಯೊಂದರ ಹೆಸರು 'ಲಾತಲಾಂತ್'. ಅದರ ಯಜಮಾನ ಜಾಂ ಹಳ್ಳಿಯ ಹುಡುಗಿ ಜೂಲಿಯೆತ್‌ಳನ್ನು ಮದುವೆಯಾಗಿ ದೋಣಿಗೇ ಕರೆತರುತ್ತಾನೆ. ದೋಣಿಯ ಬದುಕು ಅವಳಿಗೆ ಬೇಸರ ತರುತ್ತದೆ, ಪ್ಯಾರಿಸ್ ನೋಡುವ ಆಸೆ ಸೆಳೆಯುತ್ತದೆ. ಅವಳು ಹೇಳದೆ ನಗರಕ್ಕೆ ಹೋಗುತ್ತಾಳೆ. ಅವನು ಸಿಟ್ಟಿನಲ್ಲಿ ದೋಣಿ ಹೊರಡಿಸುತ್ತಾನೆ. ಇಬ್ಬರೂ ಒಳಗೊಳಗೇ ಬೇಯುತ್ತಾರೆ. ದೋಣಿಯ ಮುದುಕ ಕೆಲಸಗಾರ ಜೂಲ್ ಅವಳನ್ನು ಹುಡುಕಿ ಕರೆತರುತ್ತಾನೆ.

ಕಥೆ ಇಷ್ಟೇ. ವಿಗೊ ಅದರೊಳಗೆ ತಮ್ಮ ಬದುಕನ್ನೆಲ್ಲ ಸುರಿದರು. ಜೂಲ್ ಮುದುಕನ ಕೋಣೆಯ ತುಂಬ ಬೆಕ್ಕುಗಳು, ವಿಗೊ ಹುಟ್ಟಿದ ಕೋಣೆಯಲ್ಲಿದ್ದಂತೆ. ಹೆಂಡತಿ ಹೋದ ಮೇಲೆ ಗಂಡ ನದಿಗೆ ಹಾರಿ ನೀರಿನೊಳಗೆ ಕಣ್ಣು ತೆರೆದಾಗ ಮದುವೆಯ ಉಡುಪಿನ ಅವಳ ಮುಖ ತೇಲಿ ಬರುತ್ತದೆ. ಅದು ತಾರಿಸ್ ಚಿತ್ರದ ಈಜುಕೊಳದಲ್ಲಿ ಕಲಿತ ವಿದ್ಯೆ. ಜೂಲ್ ಪಾತ್ರಕ್ಕೆ ಆ ಕಾಲದ ದೊಡ್ಡ ನಟ ಮಿಷೆಲ್ ಸಿಮೊಂ, ಗಂಡಹೆಂಡಿರಾಗಿ ಜಾಂ ದಾಸ್ತೆ ಮತ್ತು ದೀತಾ ಪಾರ್ಲೊ. 1933ರ ನವೆಂಬರ್‌ನಲ್ಲಿ ಚಿತ್ರೀಕರಣ ಶುರುವಾಯಿತು. ಕಾಲುವೆಗಳಲ್ಲಿ ಮಂಜುಗಡ್ಡೆ ಕಟ್ಟಿತ್ತು. ನಿರ್ದೇಶಕರ ಶ್ವಾಸಕೋಶ ಸೋಲುತ್ತಿತ್ತು. 1934ರ ಫೆಬ್ರವರಿಯಲ್ಲಿ ಚಿತ್ರೀಕರಣ ಮುಗಿದ ಮೇಲೆ ಅವರು ಹಾಸಿಗೆ ಹಿಡಿದರು. ಸಂಕಲನವನ್ನು ಬಹುಪಾಲು ಗೆಳೆಯ ಲೂಯಿ ಶವಾಂಸ್ ಮಾಡಿದರು.

ಏಪ್ರಿಲ್‌ನಲ್ಲಿ ವಿತರಕರಿಗೆ ಚಿತ್ರ ತೋರಿಸಿದಾಗ ಅವರಿಗೆ ಹಿಡಿಸಲಿಲ್ಲ. ಮುಂದೆ ನಡೆದದ್ದು ಈ ಬದುಕಿನ ಅತಿ ದೊಡ್ಡ ಅನ್ಯಾಯ. ಸುಮಾರು 89 ನಿಮಿಷದ ಚಿತ್ರವನ್ನು ಸುಮಾರು 65 ನಿಮಿಷಕ್ಕೆ ಕತ್ತರಿಸಿದರು. ಜೊಬೇರ್ ಅವರ ಸಂಗೀತವನ್ನು ಹಲವು ಕಡೆ ತೆಗೆದು, ಆಗ ಎಲ್ಲರ ಬಾಯಲ್ಲಿದ್ದ ಲಿಸ್ ಗೋತಿ ಹಾಡಿದ ಒಂದು ಜನಪ್ರಿಯ ಗೀತೆಯನ್ನು ಸೇರಿಸಿದರು. ಚಿತ್ರದ ಹೆಸರನ್ನೂ ಬದಲಿಸಿ ಆ ಹಾಡಿನ ಹೆಸರನ್ನೇ ಇಟ್ಟರು: 'ಲೆ ಶಲಾಂ ಕಿ ಪಾಸ್', 'ಹಾದುಹೋಗುವ ದೋಣಿ'. ಸುಳ್ಳು ಹೆಸರಿನಲ್ಲಿ ಬೆಳೆದ ಮನುಷ್ಯನ ಚಿತ್ರಕ್ಕೂ ಸುಳ್ಳು ಹೆಸರೇ ಬಂತು. 1934ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗಿ ಕೆಲವೇ ವಾರ ಓಡಿತು. ಅಕ್ಟೋಬರ್ 5ರಂದು ವಿಗೊ ತೀರಿಕೊಂಡರು. ಮಗಳಿಗೆ ಮೂರು ವರ್ಷ. ಐದು ವರ್ಷಗಳ ಬಳಿಕ ಲೀಡು ಕೂಡ ತೀರಿಕೊಂಡಾಗ ಎಂಟು ವರ್ಷದ ಲೂಸ್ ಪೂರ್ತಿ ಅನಾಥೆಯಾದಳು.

ಈಗ ಒಂದು ಮಾತು ಯೋಚಿಸಿ. ನೀವು ಬರೆದ ಉತ್ತರಪತ್ರಿಕೆಯಿಂದ ಯಾರೋ ಹಾಳೆಗಳನ್ನು ಹರಿದು, ಬೇರೆಯವರ ಬರಹ ಅಂಟಿಸಿ, ಮೇಲಿನ ನೋಂದಣಿ ಸಂಖ್ಯೆಯನ್ನೂ ಬದಲಿಸಿ ಮೌಲ್ಯಮಾಪಕರಿಗೆ ಕೊಟ್ಟರೆ, ಬಂದ ಅಂಕ ಯಾರದ್ದು? 1934ರ ಪ್ರೇಕ್ಷಕರು ವಿಗೊ ಅವರ ಚಿತ್ರಕ್ಕೆ ಕೊಟ್ಟ ತೀರ್ಪು ಅಂಥದ್ದೇ. ಅವರು ತಿರಸ್ಕರಿಸಿದ್ದು ವಿಗೊ ಮಾಡಿರದ ಚಿತ್ರವನ್ನು.

ಯಾವ ಪ್ರತಿ, ಯಾರ ಪ್ರತಿ

1940ರಲ್ಲೊಮ್ಮೆ, ಬಳಿಕ 1950ರಲ್ಲಿ ಫ್ರೆಂಚ್ ಸಿನೆಮತೆಕ್‌ನ ಆನ್ರಿ ಲಾಂಗ್ಲ್ವಾ ಅವರಿಂದ, ಸಿಕ್ಕಿದ ತುಣುಕುಗಳನ್ನು ಸೇರಿಸಿ ಚಿತ್ರಕ್ಕೆ ಹಳೆಯ ರೂಪ ಕೊಡುವ ಪ್ರಯತ್ನ ನಡೆಯಿತು. ಹೆಸರು ಮರಳಿ 'ಲಾತಲಾಂತ್' ಆಯಿತು. ಯುದ್ಧದ ನಂತರ ಹೊಸ ತಲೆಮಾರು ವಿಗೊ ಅವರನ್ನು ಕಂಡುಕೊಂಡಿತು. 1946ರಲ್ಲಿ 14 ವರ್ಷದ ಫ್ರಾನ್ಸ್ವಾ ತ್ರೂಫೊ ಈ ಚಿತ್ರಗಳನ್ನು ಒಂದೇ ಮಧ್ಯಾಹ್ನ ನೋಡಿದ. ಮುಂದೆ ನಿರ್ದೇಶಕನಾಗಿ 1959ರಲ್ಲಿ ಒಬ್ಬ ಹುಡುಗನ ಶಾಲೆ, ಮನೆ, ಓಡಿಹೋಗುವಿಕೆಯ ಕುರಿತೇ ಮೊದಲ ದೊಡ್ಡ ಚಿತ್ರ ಮಾಡಿದ. 1951ರಿಂದ ಫ್ರಾನ್ಸಿನಲ್ಲಿ ವಿಗೊ ಹೆಸರಿನ ಪ್ರಶಸ್ತಿಯಿದೆ. ಬ್ರೆಜಿಲ್‌ನ ವಿಮರ್ಶಕ ಪಾವುಲೊ ಎಮಿಲಿಯೊ ಸಾಲೆಸ್ ಗೋಮೆಸ್ 1957ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಆದರೂ ಜನ ನೋಡುತ್ತಿದ್ದದ್ದು ಗೀರುಬಿದ್ದ, ಮಸುಕಾದ, ಅಲ್ಲಲ್ಲಿ ಕಡಿದ ಪ್ರತಿಗಳನ್ನು.

ದೊಡ್ಡ ಬದಲಾವಣೆ ಬಂದದ್ದು 1990ರಲ್ಲಿ. ಲಂಡನ್ನಿನ ರಾಷ್ಟ್ರೀಯ ಚಿತ್ರ ಸಂಗ್ರಹಾಲಯದಲ್ಲಿ 1934ರಲ್ಲೇ ಇಂಗ್ಲೆಂಡಿಗೆ ಹೋಗಿದ್ದ ಒಂದು ಪ್ರತಿ ಉಳಿದಿತ್ತು. ವಿತರಕರ ಕತ್ತರಿ ಬೀಳುವ ಮೊದಲಿನ ಚಿತ್ರಕ್ಕೆ ಬಹಳ ಹತ್ತಿರದ ಪ್ರತಿ ಅದು. ಮೇಲೆ ನಿಜವಾದ ಹೆಸರೇ ಇತ್ತು. ಅದನ್ನು ಆಧಾರವಾಗಿಟ್ಟುಕೊಂಡು ಗೋಮೊಂ ಕಂಪನಿಗಾಗಿ ಪಿಯೇರ್ ಫಿಲಿಪ್ ಮತ್ತು ಜಾಂ ಲೂಯಿ ಬೊಂಪ್ವಾ ಚಿತ್ರವನ್ನು ಪುನರುಜ್ಜೀವಿಸಿದರು. ಜಗತ್ತಿಗೆ ಹೊಸ ಚಿತ್ರವೇ ಸಿಕ್ಕಂತಾಯಿತು. 1992ರಲ್ಲಿ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿ ಮಾಡಿದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ಲಾತಲಾಂತ್' ಆರನೇ ಸ್ಥಾನ ಹಂಚಿಕೊಂಡಿತು. ಅದೇ ಸ್ಥಾನ ಹಂಚಿಕೊಂಡವುಗಳಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ಕೂಡ ಒಂದು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ, ಮತ್ತು ನನಗೆ ಅತಿ ಮುಖ್ಯವೆನಿಸುವ ಭಾಗ ಇದೇ. 1990ರ ತಂಡ ವಿಗೊ ಅವರ ಮೇಲಿನ ಪ್ರೀತಿಯಿಂದ, ಬೇರೆ ಸಂಗ್ರಹಗಳಲ್ಲಿ ಸಿಕ್ಕ, ಮೂಲ ಸಂಕಲನದಲ್ಲಿ ಬಳಸದೆ ಬಿಟ್ಟಿದ್ದ ಕೆಲವು ತುಣುಕುಗಳನ್ನೂ ಚಿತ್ರದೊಳಗೆ ಸೇರಿಸಿತ್ತು. ನೋಡಲು ಅವು ಸುಂದರವೇ. ವಿಗೊ ಅವರೇ ತೆಗೆದವು. ಆದರೆ ತೆಗೆದದ್ದೆಲ್ಲ ಚಿತ್ರವಲ್ಲ. ಇಟ್ಟುಕೊಂಡದ್ದು ಮಾತ್ರ ಚಿತ್ರ. ಕರಡಿನಲ್ಲಿ ಹೊಡೆದುಹಾಕಿದ ಸಾಲನ್ನು ಅಚ್ಚಿನ ಪುಸ್ತಕಕ್ಕೆ ಸೇರಿಸಿದರೆ ಲೇಖಕರಿಗೆ ನ್ಯಾಯವಾದೀತೇ? ಚಿತ್ರ ಚರಿತ್ರಕಾರ ಬರ್ನಾರ್ ಐಸೆನ್‌ಶಿಟ್ಸ್ ಈ ಪ್ರಶ್ನೆ ಹಿಡಿದುಕೊಂಡು ಸಿಕ್ಕ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರು. ಅವರ ಜೊತೆ ನಿಂತವರು ಲೂಸ್ ವಿಗೊ. ಹೌದು, ಆ ಮೂರು ವರ್ಷದ ಮಗು. ಬೆಳೆದು ಚಲನಚಿತ್ರ ವಿಮರ್ಶಕಿಯಾಗಿದ್ದರು. 2001ರಲ್ಲಿ ಅವರ ತಂಡ ಪ್ರೀತಿಯಿಂದ ಸೇರಿಸಿದ್ದ ಕೆಲವು ತುಣುಕುಗಳನ್ನು ತೆಗೆದು, ಲಂಡನ್ ಪ್ರತಿಗೆ ಇನ್ನಷ್ಟು ನಿಷ್ಠವಾದ ರೂಪವನ್ನು ಸಿದ್ಧಪಡಿಸಿತು. ಅದು ಡಿವಿಡಿಯಾಗಿ ಹೊರಬಂತು. ಪ್ರತಿಗಳ ಈ ಪಯಣವನ್ನೆಲ್ಲ ಐಸೆನ್‌ಶಿಟ್ಸ್ ಒಂದು ಸಾಕ್ಷ್ಯಚಿತ್ರದಲ್ಲೂ ತೋರಿಸಿದರು.

ಇದು ನಮಗೆ ಅಪರಿಚಿತ ವಿದ್ಯೆಯಲ್ಲ. ಕನ್ನಡದ ವಿದ್ವಾಂಸರು ತಾಳೆಗರಿಯ ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟು ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ್ದು ಹೀಗೆಯೇ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಮಾತು ಚೆನ್ನಾಗಿದೆ ಎಂದ ಮಾತ್ರಕ್ಕೆ ಅದನ್ನು ಸ್ವೀಕರಿಸಲಿಲ್ಲ. ಯಾರಿಂದ ಯಾರಿಗೆ ಬಂತು, ನಡುವೆ ಕೊಂಡಿ ಕಡಿದಿದೆಯೇ ಎಂದು ಸನದ್ ಕೇಳಿದರು. ಚಿತ್ರಕ್ಕೆ ಆ ಪವಿತ್ರತೆ ಇಲ್ಲ, ನಾನು ಎರಡನ್ನೂ ಸಮ ಎನ್ನುತ್ತಿಲ್ಲ. ಪ್ರಶ್ನೆ ಕೇಳುವ ಶಿಸ್ತು ಮಾತ್ರ ಒಂದೇ: ಚೆನ್ನಾಗಿದೆಯೇ ಎಂಬುದಕ್ಕಿಂತ ಮೊದಲು, ನಿಜವಾಗಿ ಅವರದ್ದೇ ಎಂದು ಕೇಳುವುದು.

ಒಂದೊಂದು ಚೌಕಟ್ಟಿನ ದುಡಿಮೆ

ವಿಜ್ಞಾನ ವಿಭಾಗದವರಿಗಾಗಿ ಕೆಲಸದ ಬಗೆಯನ್ನೂ ಸ್ವಲ್ಪ ಹೇಳುತ್ತೇನೆ. ಆ ಕಾಲದ ಚಿತ್ರಸುರುಳಿ ನೈಟ್ರೇಟ್ ಸೆಲ್ಯುಲಾಯ್ಡ್. ಬೇಗ ಬೆಂಕಿ ಹಿಡಿಯುತ್ತದೆ, ಇಟ್ಟಲ್ಲೇ ಕುಗ್ಗುತ್ತದೆ, ಕೊನೆಗೆ ಪುಡಿಯಾಗುತ್ತದೆ. ಮೊದಲು ಸುರುಳಿಯನ್ನು ಕೈಯಲ್ಲಿ ಪರೀಕ್ಷಿಸಿ, ಹರಿದ ಅಂಚಿನ ತೂತುಗಳನ್ನು ದುರಸ್ತಿ ಮಾಡಿ, ತೊಳೆಯುತ್ತಾರೆ. ಆಮೇಲೆ ಪ್ರತಿ ಚೌಕಟ್ಟನ್ನೂ ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚೌಕಟ್ಟು. 89 ನಿಮಿಷಕ್ಕೆ ಲೆಕ್ಕ ಹಾಕಿ: 1,28,160. ಗೀರು, ಧೂಳು, ಅಲುಗಾಟ ತೆಗೆಯಲು ಕಂಪ್ಯೂಟರ್ ನೆರವಿದೆ; ಆದರೆ ಯಾವುದು ಧೂಳು, ಯಾವುದು ದಿಂಬಿನಿಂದ ಹಾರಿದ ಗರಿ ಎಂದು ಹೇಳಲು ಮನುಷ್ಯನ ಕಣ್ಣೇ ಬೇಕು. ಅತಿಯಾಗಿ ಒರೆಸಿದರೆ ಚಿತ್ರದ ಸಹಜ ಕಣಗಳೂ ಹೋಗಿ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ಧ್ವನಿಯದ್ದೂ ಹಾಗೆಯೇ, ಸದ್ದನ್ನೆಲ್ಲ ತೆಗೆಯಲು ಹೋದರೆ ಉಸಿರೂ ಹೋಗುತ್ತದೆ.

2011ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ವಿಗೊ ಅವರ ನಾಲ್ಕೂ ಚಿತ್ರಗಳನ್ನು ಒಟ್ಟಾಗಿ ಡಿವಿಡಿ, ಬ್ಲೂರೇಗಳಲ್ಲಿ ತಂದಿತು. ಐಸೆನ್‌ಶಿಟ್ಸ್ ಅವರ ಸಾಕ್ಷ್ಯಚಿತ್ರವೂ ಅದರಲ್ಲಿದೆ. ಒಂದು ಬದುಕಿನ ದುಡಿಮೆಯೆಲ್ಲ ಅಂಗೈಯಗಲದ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಇದರಿಂದಾದ ದೊಡ್ಡ ಲಾಭವೆಂದರೆ ಮರುಮೌಲ್ಯಮಾಪನ. ಹಿಂದೆ ವಿಮರ್ಶಕರು ವರ್ಷಗಳ ಹಿಂದೆ ಒಮ್ಮೆ ನೋಡಿದ ನೆನಪಿನಿಂದ ಬರೆಯುತ್ತಿದ್ದರು. ಈಗ ಯಾವ ವಿದ್ಯಾರ್ಥಿಯೂ ಒಂದು ದೃಶ್ಯವನ್ನು ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ ದೊಡ್ಡವರ ಮಾತು ಸರಿಯೇ ಎಂದು ಪರೀಕ್ಷಿಸಬಹುದು. ವಿಗೊ ಕನಸುಗಾರ, ತಂತ್ರದಲ್ಲಿ ಒರಟು ಎಂಬ ಹಳೆಯ ಮಾತು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದು ನನ್ನ ಅಭಿಪ್ರಾಯ. ಒರಟುತನದ ಬಹುಪಾಲು ಸವೆದ ಪ್ರತಿಗಳದ್ದು, ಬೇರೆಯವರ ಕತ್ತರಿಯದ್ದು. ಮಂಜಿನಲ್ಲಿ ದೋಣಿಯ ಮೇಲೆ ಗಂಡ ಹೆಂಡತಿಯನ್ನು ತಡಕಾಡುತ್ತ ಹುಡುಕುವ ದೃಶ್ಯದಲ್ಲಿ ಬೂದುಬಣ್ಣದ ಎಷ್ಟೋ ಛಾಯೆಗಳಿವೆ; ಅವನ್ನು ಹಾಗೆ ಹಿಡಿದ ಕೌಫ್‌ಮನ್ ಮುಂದೆ ಅಮೆರಿಕದಲ್ಲಿ ಆಸ್ಕರ್ ಪಡೆದರು.

2017ರಲ್ಲಿ ಗೋಮೊಂ, ಫ್ರೆಂಚ್ ಸಿನೆಮತೆಕ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ 'ಲಾತಲಾಂತ್' ಅನ್ನು 4ಕೆ ಗುಣಮಟ್ಟದಲ್ಲಿ ಮತ್ತೆ ಪುನರುಜ್ಜೀವಿಸಿದವು. ಕೆಲಸ ನಡೆದದ್ದು ಇಟಲಿಯ ಬೊಲೋನ್ಯಾ ಮೂಲದ 'ಲಿಮಾಜಿನೆ ರಿತ್ರೊವಾತಾ' ಪ್ರಯೋಗಾಲಯದಲ್ಲಿ. ಆ ಹೆಸರು ನಮಗೂ ಹತ್ತಿರದ್ದು. 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟ ರಾಯ್ ಅವರ ಅಪು ಚಿತ್ರಗಳ ನೆಗೆಟಿವ್‌ಗಳನ್ನು ಉಳಿಸಿಕೊಟ್ಟದ್ದು ಅದೇ ಪ್ರಯೋಗಾಲಯ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಅಲ್ಲಿಯೇ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನಮ್ಮ ಕನ್ನಡದ ಹಳೆಯ ಚಿತ್ರಗಳ ಎಷ್ಟೋ ನೆಗೆಟಿವ್‌ಗಳು ಕಾಯುವವರಿಲ್ಲದೆ ಹಾಳಾಗಿರುವಾಗ ಇದು ಸಣ್ಣ ಸುದ್ದಿಯಲ್ಲ.

ಅದೇ 2017ರ ಫೆಬ್ರವರಿಯಲ್ಲಿ ಲೂಸ್ ವಿಗೊ ತೀರಿಕೊಂಡರು. ಅವರಿಗೆ ತಂದೆಯ ಮುಖದ ನೆನಪು ಎಷ್ಟಿತ್ತೋ, ಮೂರು ವರ್ಷದ ಮಗುವಿಗೆ ಎಷ್ಟಿದ್ದೀತು? ಆದರೂ ಬಾಳಿನುದ್ದಕ್ಕೂ ತಂದೆಯ ಕೆಲಸ ಕಾದರು. ವಿಗೊ ತಮ್ಮ ತಂದೆಯ ಹೆಸರಿಗಾಗಿ ಮಾಡಲು ಹೊರಟು ಮುಗಿಸಲಾಗದ ಕೆಲಸವನ್ನು ವಿಗೊ ಅವರಿಗಾಗಿ ಅವರ ಮಗಳು ಮುಗಿಸಿದರು.

ಪತ್ರಿಕೆಯ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ದೂರವಿಡುವ ಶಿಕ್ಷೆ. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ಕೊಟ್ಟದ್ದು, ಕೊಟ್ಟ ಹಾಗೆಯೇ ಹಿಂದಿರುಗಿಸಬೇಕಾದದ್ದು. ವಿಗೊ ಅವರ ಚಿತ್ರಗಳಿಗೆ ಮೊದಲು ಸಿಕ್ಕಿದ್ದು ಒಂದನೆಯದು; ಬಹಳ ತಡವಾಗಿ ಸಿಕ್ಕಿದ್ದು ಎರಡನೆಯದು. ಅಮಾನತ್ತಿಗೆ ಮೋಸ ಎರಡು ರೀತಿಯಲ್ಲಿ ಆಗುತ್ತದೆ: ಅದರಿಂದ ಕದ್ದರೂ ಮೋಸ, ಅದಕ್ಕೆ ನಮ್ಮದನ್ನು ಬೆರೆಸಿದರೂ ಮೋಸ. ಮೊದಲನೆಯದನ್ನು ವ್ಯಾಪಾರಿಗಳು ಮಾಡುತ್ತಾರೆ, ಎರಡನೆಯದನ್ನು ಅಭಿಮಾನಿಗಳು. ಅಜ್ಜನ ಡೈರಿ, ಅಜ್ಜಿ ಹೇಳಿದ ಕಥೆ, ಮಸೀದಿಯ ಹಳೆಯ ದಫ್ತರು, ಕಾಲೇಜಿನ ಮೊದಲ ಬ್ಯಾಚಿನ ಫೋಟೊ ಇವೆಲ್ಲ ಒಂದು ದಿನ ನಿಮ್ಮ ಕೈಗೆ ಬರುತ್ತವೆ. ಆಗ ಅವುಗಳಿಂದ ಏನನ್ನೂ ಕಳೆಯಬೇಡಿ, ಚಂದ ಕಾಣಲೆಂದು ಏನನ್ನೂ ಕೂಡಿಸಬೇಡಿ. ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವಾಗ ಎಂದು ಹಿಂದೆ ಒಂದು ಸಾಲು ಬರೆದಿಡಿ. ಉಳಿದ ತೀರ್ಪನ್ನು ಮುಂದೆ ಬರುವವರು ಕೊಡುತ್ತಾರೆ.